ತೆರೆಯ ಬೆಳಕು ಮತ್ತು ಚಲನಚಿತ್ರದ ಪಾಠ: ಕೊಡಗಿನ ದೃಶ್ಯಗಳನ್ನು ಕುರಿತು

ಪಾಠಾಂತರಗಳನ್ನು ಪರಿಶೀಲಿಸದೆ ಪ್ರಾಚೀನ ಕಾವ್ಯವೊಂದರ ಶೈಲಿಯನ್ನು ಕುರಿತು ಬರೆಯಲು ನಾವು ಹಿಂಜರಿಯುತ್ತೇವೆ. ಚಲನಚಿತ್ರವನ್ನು ಪಠ್ಯವೆಂದು ಒಪ್ಪಿಕೊಂಡ ಮೇಲೂ ಈ ಎಚ್ಚರ ಅದರ ಅಧ್ಯಯನಕ್ಕೆ ಇನ್ನೂ ಪೂರ್ಣವಾಗಿ ಬಂದಿಲ್ಲ. ಕೊಡಗಿನ ಹಿನ್ನೆಲೆಯ ಚಿತ್ರಗಳಲ್ಲಿ ಮಂಜು, ಮಳೆ, ಹಸಿರುಗಳ ಸಾಂಕೇತಿಕತೆಯನ್ನು ವಿವರಿಸುವಾಗ ನಾವು ನೋಡಿರುವುದು ಯಾವ ಹಸಿರು ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತಲಾಗಿದೆ.

ಮಡಿಕೇರಿಯಲ್ಲಿ ಕಥೆ ನಡೆಯುವ ‘ಮುಂಗಾರು ಮಳೆ’ (2006, ನಿರ್ದೇಶನ: ಯೋಗರಾಜ್ ಭಟ್, ಛಾಯಾಗ್ರಹಣ: ಎಸ್. ಕೃಷ್ಣ) ಚಿತ್ರವನ್ನೇ ತೆಗೆದುಕೊಳ್ಳಬಹುದು. ಮೋಡ ಕವಿದ ಬೆಳಕಿನಲ್ಲಿ ನೆರಳು ಬೆಳಕುಗಳ ಅಂತರ ಕಡಿಮೆ. ತೆರೆ ತುಸು ಮಂಕಾದರೂ ಮಳೆಯ ಎಳೆಗಳು ಮರಗಳ ಕಪ್ಪಿನಲ್ಲಿ ಕರಗಿಹೋಗುತ್ತವೆ.

ಫಿಲ್ಮಿನ ಕಾಲದಲ್ಲಿ ಪ್ರಯೋಗಾಲಯದವರು ಕೆಂಪು, ಹಸಿರು, ನೀಲಿ ಬೆಳಕುಗಳ ಪ್ರಮಾಣವನ್ನು ದೃಶ್ಯದಿಂದ ದೃಶ್ಯಕ್ಕೆ ಹೊಂದಿಸಿ ಮೊದಲ ಪ್ರತಿಯನ್ನು ತೆಗೆಯುತ್ತಿದ್ದರು. ಅದನ್ನು ತೆರೆಯ ಮೇಲೆ ನೋಡಿ ಒಪ್ಪಿದ ಬಳಿಕ ಬಿಡುಗಡೆಯ ಪ್ರತಿಗಳು ಸಿದ್ಧವಾಗುತ್ತಿದ್ದವು. ಚಿತ್ರಮಂದಿರದ ತೆರೆಯೂ ಅದೇ ಬೆಳಕನ್ನು ನೀಡಿದರೆ ಮಾತ್ರ ಆ ಒಪ್ಪಿಗೆಗೆ ಬೆಲೆ. ಫಿಲ್ಮ್ ಹಾಕದೆ ಪ್ರೊಜೆಕ್ಟರನ್ನು ನಡೆಸಿ ತೆರೆಯ ನಡುಭಾಗದಲ್ಲಿ ಅಳೆದರೆ 16 ಫುಟ್-ಲ್ಯಾಂಬರ್ಟ್ ಇರಬೇಕೆಂಬುದು 35 ಮಿ.ಮೀ. ಪ್ರದರ್ಶನದ ಅಂತಾರಾಷ್ಟ್ರೀಯ ರೂಢಿ. ಡಿಜಿಟಲ್ ಪ್ರದರ್ಶನದಲ್ಲಿ ಬಿಳಿಯ ಮಟ್ಟ 14 ಫುಟ್-ಲ್ಯಾಂಬರ್ಟ್, ಅಂದರೆ ಚದರ ಮೀಟರಿಗೆ 48 ಕ್ಯಾಂಡೆಲಾ. ಜೆನಾನ್ ದೀಪ ಹಳತಾದಂತೆ, ತೆರೆಗೆ ಧೂಳು ಕೂತಂತೆ ಈ ಪ್ರಮಾಣ ಇಳಿಯುತ್ತದೆ. ಕಣ್ಣು ಕತ್ತಲೆಗೆ ಬೇಗ ಒಗ್ಗಿಕೊಳ್ಳುವುದರಿಂದ ಇಳಿಕೆ ಪ್ರೇಕ್ಷಕನ ಅರಿವಿಗೆ ಬರುವುದಿಲ್ಲ. ಪ್ರೊಜೆಕ್ಟರ್ ನಡೆಸುವವನಿಗಂತೂ ನಿತ್ಯದ ಬೆಳಕೇ ಸರಿಯಾದ ಬೆಳಕು. ಆದಕಾರಣ ಪ್ರದರ್ಶನಕ್ಕೆ ಮೊದಲು ಮಾಪಕದಿಂದಲೇ ಪರೀಕ್ಷಿಸಬೇಕಾಗುತ್ತದೆ.

ಹಳೆಯ ಚಿತ್ರಗಳ ಸಮಸ್ಯೆ ಇನ್ನೂ ಜಟಿಲ. ಕೊಡಗಿನವರಾದ ಭಾರತೀಸುತರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ‘ಎಡಕಲ್ಲು ಗುಡ್ಡದ ಮೇಲೆ’ (1973) ಚಿತ್ರವನ್ನು ನಿರ್ದೇಶಿಸಿದರು. ಆ ದಶಕದ ವರ್ಣಪ್ರತಿಗಳಲ್ಲಿ ಸಯಾನ್ ಬಣ್ಣ ಬೇಗ ಮಾಸುವುದರಿಂದ ಕಾಡಿನ ಹಸಿರು ಕಂದುಗೆಂಪಿಗೆ ತಿರುಗುವುದುಂಟು. ಅಂತಹ ಪ್ರತಿಯಿಂದ ಇಳಿದುಬಂದ ವಿಸಿಡಿಯನ್ನು ನೋಡಿ ಆ ಕೆಂಪನ್ನು ಕಾಮದ ಸಂಕೇತವೆಂದು ವಿವರಿಸಿದರೆ ರಸಾಯನಕ್ರಿಯೆಯ ಫಲವನ್ನು ನಿರ್ದೇಶಕರ ಮೇಲೆ ಹೊರಿಸಿದಂತಾಗುತ್ತದೆ!

ಆದ್ದರಿಂದ ಬಣ್ಣವನ್ನು ಕುರಿತು ಬರೆಯುವವರು ತಾವು ನೋಡಿದ ಪ್ರತಿ ಯಾವುದು, ಎಲ್ಲಿ, ಯಾವ ಮಾಧ್ಯಮದಲ್ಲಿ ನೋಡಿದ್ದು ಎಂಬುದನ್ನು ಹಸ್ತಪ್ರತಿಯ ವಿವರದಂತೆ ದಾಖಲಿಸಬೇಕು. ವಿಚಾರ ಸಂಕಿರಣದಲ್ಲಿ ಚಿತ್ರ ತೋರಿಸುವ ಮುನ್ನ ಕಿಟಕಿ ಮುಚ್ಚಿ, ಕಪ್ಪಿನಿಂದ ಬಿಳಿಯವರೆಗಿನ ಬೂದು ಪಟ್ಟಿಯೊಂದನ್ನು ತೆರೆಯ ಮೇಲೆ ಹಾಯಿಸಿ, ಅದರ ಎಲ್ಲ ಮೆಟ್ಟಿಲುಗಳೂ ಬೇರೆಬೇರೆಯಾಗಿ ಕಾಣುತ್ತವೆಯೇ ಎಂದು ನೋಡಲು ಐದು ನಿಮಿಷ ಸಾಕು.