ನೀರಿನ ದಾರಿಯಲ್ಲಿ ಒಂದು ಹಗಲು

ಕಾಲುವೆಯೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಗದ್ದೆಗೆ ನೀರುಣಿಸುವ ನಾಲೆ. ಇಂಗ್ಲೆಂಡಿನಲ್ಲಾದರೋ ಕಾಲುವೆಯೆಂಬುದು ಮೊದಲು ಒಂದು ದಾರಿ. ರೈಲು ಬರುವುದಕ್ಕೆ ಮುನ್ನ ಕಲ್ಲಿದ್ದಲು, ಸುಣ್ಣದಕಲ್ಲು, ಕಬ್ಬಿಣಗಳನ್ನು ದೋಣಿಗೆ ತುಂಬಿ, ದಡದ ಮೇಲೆ ನಡೆಯುವ ಕುದುರೆಯಿಂದ ಎಳೆಸಿ ಊರಿಂದೂರಿಗೆ ಸಾಗಿಸುತ್ತಿದ್ದರು. ಅಂತಹ ದಾರಿಗಳಲ್ಲೊಂದು ಇಂಗ್ಲೆಂಡಿನಿಂದ ವೇಲ್ಸ್ ನಾಡಿಗೆ ಹೋಗುವ ಲ್ಯಾಂಗೊಲೆನ್ ಕಾಲುವೆ. ಅದರ ಸಮೀಪದಲ್ಲಿ ನೆಲೆಸಿರುವ ನನ್ನ ಹಳೆಯ ಗೆಳೆಯರೂ ಅವರ ಪತ್ನಿಯೂ ಅತಿಥಿಗಳಾಗಿ ಹೋಗಿದ್ದ ನಮ್ಮಿಬ್ಬರನ್ನು ಒಂದು ದಿನ ದೋಣಿಯಲ್ಲಿ ಕರೆದೊಯ್ದರು.

ದೋಣಿಯ ಅಗಲ ಏಳು ಅಡಿಗೂ ತುಸು ಕಡಿಮೆ. ಉದ್ದವೋ ರೈಲಿನ ಡಬ್ಬಿಯನ್ನು ನೆನಪಿಸುವಂಥದು. ಗಂಟೆಗೆ 4 ಮೈಲಿಗಿಂತ ವೇಗವಾಗಿ ಹೋಗಕೂಡದೆಂಬುದು ಅಲ್ಲಿಯ ನಿಯಮ. ವೇಗ ಹೆಚ್ಚಿದರೆ ಅಲೆಯೆದ್ದು ದಡದ ಮಣ್ಣು ಕುಸಿಯುತ್ತದೆ. ದಡದಲ್ಲಿ ನಾಯಿಯೊಡನೆ ವಾಯುಸೇವನೆಗೆ ಹೊರಟ ವೃದ್ಧರೊಬ್ಬರು ನಮ್ಮನ್ನು ಹಿಂದೆ ಹಾಕಿ, ಟೋಪಿಯೆತ್ತಿ ವಂದಿಸಿ ಮುಂದೆ ನಡೆದರು. ಚುಕ್ಕಾಣಿ ಗೆಳೆಯರ ಕೈಯಲ್ಲಿತ್ತು. ದೋಣಿ ಬಲಕ್ಕೆ ತಿರುಗಬೇಕಾದರೆ ಅದರ ಹಿಡಿಯನ್ನು ಎಡಕ್ಕೆ ತಳ್ಳಬೇಕು!

ನ್ಯೂ ಮಾರ್ಟನ್ ಎಂಬಲ್ಲಿ ಕಾಲುವೆ ಮೆಟ್ಟಿಲೇರುತ್ತದೆ. ನೀರು ಮೆಟ್ಟಿಲೇರುವುದು ಹೇಗೆ? ಎರಡು ಕಡೆಯೂ ಬಾಗಿಲುಗಳಿರುವ, ದೋಣಿ ಹಿಡಿಸುವಷ್ಟೇ ಅಗಲದ ಒಂದು ಕೋಣೆಯನ್ನು ಊಹಿಸಿಕೊಳ್ಳಿ. ಇದಕ್ಕೆ ಲಾಕ್ ಎಂದು ಹೆಸರು. ನೀರು ಕೆಳಮಟ್ಟದಲ್ಲಿರುವಾಗ ದೋಣಿ ಒಳಹೊಕ್ಕು, ಹಿಂದಿನ ಬಾಗಿಲನ್ನು ಮುಚ್ಚಿ, ಮೇಲುಗಡೆಯ ತೂಬನ್ನು ಕೈಹಿಡಿಕೆಯಿಂದ ತಿರುಗಿಸಿ ತೆರೆದರೆ ನೀರು ತುಂಬುತ್ತದೆ. ದೋಣಿಯೂ ಅದರೊಡನೆ ಏಳುತ್ತದೆ. ಎರಡೂ ಕಡೆಯ ನೀರು ಸಮವಾದಾಗ ಮುಂದಿನ ಬಾಗಿಲು ತೆರೆಯುತ್ತದೆ, ಅದಕ್ಕೆ ಮುನ್ನ ಎಷ್ಟು ತಳ್ಳಿದರೂ ತೆರೆಯದು.

ನಾವು ತಲಪಿದಾಗ ಕೋಣೆ ತುಂಬಿತ್ತು. ಅದನ್ನು ಬರಿದು ಮಾಡಿದರೆ ನಾವು ಕೂಡಲೇ ಒಳಹೋಗಬಹುದಿತ್ತು. ಆದರೆ ದೂರದಲ್ಲಿ, ಮೇಲಿನಿಂದ ಇಳಿದು ಬರುವ ಇನ್ನೊಂದು ದೋಣಿ ಕಾಣಿಸುತ್ತಿತ್ತು. ಗೆಳೆಯರು ದೋಣಿಯನ್ನು ದಡಕ್ಕೆ ಕಟ್ಟಿದರು. "ಅವರು ಇಳಿಯುವಾಗ ಹೇಗೂ ಈ ನೀರು ಕೆಳಗೆ ಹೋಗುತ್ತದೆ. ನಾವು ಈಗಲೇ ಬಿಟ್ಟರೆ ಒಂದು ಕೋಣೆ ನೀರು ಸುಮ್ಮನೆ ಹೋದಂತೆ," ಎಂದರು. ಅರ್ಧ ಗಂಟೆ ಕಾದೆವು. ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದೆವು.

ಅವರ ಜತನಕ್ಕೆ ಕಾರಣವಿತ್ತು. ರೈಲು ಬಂದ ಮೇಲೆ ಈ ದಾರಿ ಸೊರಗಿತು. ಕಾಲುವೆಯ ಒಡೆತನ ಪಡೆದಿದ್ದ ರೈಲ್ವೆ ಕಂಪನಿಗೆ ಇಲ್ಲಿ ದೋಣಿಸಂಚಾರವನ್ನು ಕೈಬಿಡಲು 1944ರ ಕಾಯಿದೆ ಅನುಮತಿಯಿತ್ತಿತು. ಅಂತಹ ಎಷ್ಟೋ ಕಾಲುವೆಗಳು ಹೂಳು ತುಂಬಿ ಮಣ್ಣಾದವು. ಇದು ಉಳಿದುಕೊಂಡದ್ದು ದೋಣಿಗಳಿಂದಲ್ಲ, ನೀರಿನಿಂದ. ಲ್ಯಾಂಗೊಲೆನ್ ಊರಿನಾಚೆ ಡೀ ನದಿಗೆ ಟೆಲ್ಫರ್ಡ್ ಕಟ್ಟಿಸಿದ ಒಡ್ಡಿನಿಂದ ಹೊರಟ ನೀರು ಈ ಕಾಲುವೆಯುದ್ದಕ್ಕೂ ಹರಿದು ಹರ್ಲ್‌ಸ್ಟನ್ ಜಲಾಶಯವನ್ನು ಸೇರುತ್ತದೆ. ಜನರಿಗೆ ಕುಡಿಯುವ ನೀರಾಗುತ್ತದೆ. 1955ರಲ್ಲಿ ಈ ನೀರಿನ ಪೂರೈಕೆಗೆ ಒಪ್ಪಂದವಾದ ಬಳಿಕ ಕಾಲುವೆಯ ಜೀವಕ್ಕಿದ್ದ ಭಯ ತಪ್ಪಿತು. ನಾವು ವಿಹಾರ ಮಾಡುತ್ತಿದ್ದುದು ಯಾರದೋ ಕೊಡಕ್ಕೆ ಸೇರಬೇಕಾದ ನೀರಿನ ಮೇಲೆ.

ಚರ್ಕ್ ಬಳಿ ಗಡಿ ದಾಟಿ ವೇಲ್ಸನ್ನು ಹೊಕ್ಕೆವು. ಒಡನೆಯೇ ಕತ್ತಲೆಯ ಸುರಂಗ. ಹುಲಿಕೆರೆಯ ಸುರಂಗದಲ್ಲಿ ವಿಶ್ವೇಶ್ವರಯ್ಯ ನಾಲೆ ಹರಿಯುವುದನ್ನು ಬಲ್ಲ ನಮಗೆ ಅದು ಹೊಸತೆನಿಸಲಿಲ್ಲ. ಬೆರಗು ಮುಂದೆ ಕಾದಿತ್ತು.

ಪಾಂತ್‌ಕಸಲ್ತೆ ಎಂಬ ಮೇಲ್ಗಾಲುವೆ ಅದು. ಡೀ ನದಿಯ ಕಣಿವೆಯ ಮೇಲೆ 38 ಮೀಟರ್ ಎತ್ತರದಲ್ಲಿ, ಕಲ್ಲಿನ ಕಂಬಗಳ ಮೇಲೆ, ಸುಮಾರು 307 ಮೀಟರ್ ಉದ್ದದ ಎರಕದ ಕಬ್ಬಿಣದ ದೋಣಿಯಂತಹ ತೊಟ್ಟಿ, ಅದರೊಳಗೆ ಕಾಲುವೆ. ಥಾಮಸ್ ಟೆಲ್ಫರ್ಡ್ ಮತ್ತು ವಿಲಿಯಂ ಜೆಸಪ್ ಎಂಬ ಎಂಜಿನಿಯರುಗಳು 1795ರಲ್ಲಿ ಆರಂಭಿಸಿದ ಈ ಕೆಲಸ 1805ರಲ್ಲಿ ಮುಗಿಯಿತು. 2009ರಲ್ಲಿ ಇದು ವಿಶ್ವ ಪರಂಪರೆಯ ತಾಣವೆನಿಸಿತು. ಒಂದು ಬದಿಯಲ್ಲಿ ಕಾಲುದಾರಿಯೂ ಅದಕ್ಕೆ ಕಟಕಟೆಯೂ ಉಂಟು. ಇನ್ನೊಂದು ಬದಿಯಲ್ಲಿ ನೀರಿನ ಮೇಲೆ ಕೆಲವೇ ಅಂಗುಲ ಕಾಣುವ ಕಬ್ಬಿಣದ ಅಂಚು. ಅದರಾಚೆ ಬರಿಯ ಆಕಾಶ.

ನನ್ನ ಪತ್ನಿಗೆ ಎತ್ತರವೆಂದರೆ ಭಯ. ಅದನ್ನರಿತ ಗೆಳೆಯರ ಪತ್ನಿ, "ಅಕ್ಕಾ, ಇಳಿದುಬಿಡೋಣ. ಕಾಲುದಾರಿಯಲ್ಲಿ ನಾನೂ ನಿಮ್ಮ ಜೊತೆ ನಡೆಯುತ್ತೇನೆ," ಎಂದರು. ನನ್ನಾಕೆ ಕ್ಷಣಕಾಲ ಯೋಚಿಸಿ, "ಬೇಡಮ್ಮ, ಕೂತೇ ಬರುತ್ತೇನೆ," ಎಂದಳು. ದೋಣಿ ಆಮೆಯಂತೆ ತೆವಳಿತು. ಕೆಳಗೆ ಮರಗಳ ತಲೆಗಳು, ಬಂಡೆಗಳ ನಡುವೆ ನೊರೆಗಟ್ಟಿದ ನದಿ, ಬೆರಳುದ್ದದ ಹಸುಗಳು. ಯಾರೂ ಮಾತನಾಡಲಿಲ್ಲ. ನಡುದಾರಿಯಲ್ಲಿ ಅವಳು ಕಣ್ಣು ತೆರೆದು, ಅಂಚಿನಾಚೆ ಒಮ್ಮೆ ಬಗ್ಗಿ ನೋಡಿ, "ಹಸುಗಳು ಏಳಿವೆ," ಎಂದಳು.

ಟ್ರೆವರ್‌ನಲ್ಲಿ ದೋಣಿ ಕಟ್ಟಿದಾಗ ಸಂಜೆಯಾಗಿತ್ತು. ಇಡೀ ಹಗಲಿನಲ್ಲಿ ನಾವು ಸಾಗಿದ್ದು ಹತ್ತು ಮೈಲಿಯೂ ಇರಲಿಲ್ಲ.