ಹಸುಳೆಯ ಮಲಬದ್ಧತೆ ಮತ್ತು ನೀರಿನ ನಿಯಮ

ಮನೆಯಲ್ಲಿ ಎಳೆಯ ಮಗುವಿದ್ದರೆ ಅದರ ಹಾಲು ನಿದ್ರೆಗಳಂತೆಯೇ ಮಲವಿಸರ್ಜನೆಯೂ ಹಿರಿಯರ ಮಾತಿಗೆ ದಿನವೂ ವಿಷಯವಾಗುತ್ತದೆ. ಎರಡು ದಿನ ಮಗು ಮಲ ವಿಸರ್ಜಿಸಲಿಲ್ಲವೆಂದರೆ ಮನೆಮಂದಿಗೆಲ್ಲ ಕಳವಳ. ಒಬ್ಬರು ಹರಳೆಣ್ಣೆ ಎನ್ನುತ್ತಾರೆ. ಇನ್ನೊಬ್ಬರು ವೀಳ್ಯದೆಲೆಯ ತೊಟ್ಟು ಎನ್ನುತ್ತಾರೆ. ಮತ್ತೊಬ್ಬರು ಜೇನುತುಪ್ಪವನ್ನೋ ಕಾಯಿಸಿ ಆರಿಸಿದ ನೀರನ್ನೋ ಸೂಚಿಸುತ್ತಾರೆ. ಇವುಗಳಲ್ಲಿ ಯಾವುದು ಹಿತ, ಯಾವುದು ಅಪಾಯ ಎಂಬುದನ್ನು ತೂಗಿ ನೋಡಲು ಒಂದು ಅಳತೆಗೋಲು ಬೇಕು.

ನಾವು ಭೌತವಿಜ್ಞಾನವನ್ನು ಬೋಧಿಸುವವರು, ವೈದ್ಯರಲ್ಲ. ಆದರೂ ಈ ವಿಷಯದಲ್ಲಿ ಬೇಕಾದ ಅಳತೆಗೋಲು ವಿದ್ಯಾರ್ಥಿಗಳು ಓದುವ ವಿಜ್ಞಾನದ ಪಾಠದಲ್ಲಿಯೇ ಇದೆ. ಮಗುವಿನ ಮಲಬದ್ಧತೆ ಬಹುಮಟ್ಟಿಗೆ ನೀರಿನ ಮತ್ತು ಕಾಲದ ಪ್ರಶ್ನೆ, ಬಲಪ್ರಯೋಗದ ಪ್ರಶ್ನೆಯಲ್ಲ. ಈ ಒಂದು ಮಾತನ್ನು ಮನಗಂಡರೆ ಉಳಿದುದೆಲ್ಲವೂ ತಾನಾಗಿ ತಿಳಿಯಾಗುತ್ತದೆ.

ಒಣದ್ರಾಕ್ಷಿ ಕಲಿಸುವ ಪಾಠ

ಒಂದು ಬಟ್ಟಲು ನೀರಿನಲ್ಲಿ ಕೆಲವು ಒಣದ್ರಾಕ್ಷಿಗಳನ್ನು ಹಾಕಿ ರಾತ್ರಿಯೆಲ್ಲ ಬಿಟ್ಟರೆ, ಬೆಳಗಾಗುವುದರೊಳಗೆ ಅವು ಊದಿಕೊಂಡಿರುತ್ತವೆ. ಊದಿದ ಹಣ್ಣುಗಳನ್ನು ಗಟ್ಟಿಯಾದ ಸಕ್ಕರೆಪಾಕದಲ್ಲಿ ಹಾಕಿದರೆ ಪುನಃ ಸುಕ್ಕಾಗುತ್ತವೆ. ಹಣ್ಣಿನೊಳಗಿನ ಪೊರೆಗಳು ನೀರನ್ನು ಸುಲಭವಾಗಿ ಹಾಯಗೊಡುತ್ತವೆ. ಸಕ್ಕರೆಯನ್ನು ಅಷ್ಟು ಸುಲಭವಾಗಿ ಹಾಯಗೊಡುವುದಿಲ್ಲ. ಆದುದರಿಂದ ಸಕ್ಕರೆ ಅಥವಾ ಲವಣದ ಸಾಂದ್ರತೆ ಹೆಚ್ಚಾಗಿರುವ ಕಡೆಗೆ ನೀರು ಹರಿಯುತ್ತದೆ. ಇದೇ ಅಭಿಸರಣೆ. ಉಪ್ಪು ಬೆರೆಸಿಟ್ಟ ಮಾವಿನ ಮಿಡಿಯಿಂದ ನೀರು ಹೊರಬರುವುದೂ ಇದೇ ಕಾರಣದಿಂದ.

1748ರಲ್ಲಿ ಫ್ರಾನ್ಸಿನ ನೋಲೆ ಎಂಬ ವಿಜ್ಞಾನಿ ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆಯನ್ನು ಬಿಗಿದು ಅದನ್ನು ನೀರಿನಲ್ಲಿ ಮುಳುಗಿಸಿದನು. ನೀರು ಒಳನುಗ್ಗಿ ಪೊರೆ ಉಬ್ಬಿತು. ಮುಂದೆ ಹಾಲೆಂಡಿನ ವಾಂಟ್ ಹಾಫ್ ಈ ಕ್ರಿಯೆಗೆ ಗಣಿತದ ನಿಯಮವನ್ನು ಕಂಡುಕೊಂಡನು. ರಸಾಯನಶಾಸ್ತ್ರದ ಮೊತ್ತಮೊದಲನೆಯ ನೊಬೆಲ್ ಪಾರಿತೋಷಕ 1901ರಲ್ಲಿ ಅವನಿಗೆ ಸಂದಿತು. ನಮ್ಮ ಕರುಳು ಈ ನಿಯಮವನ್ನು ಅನುಸರಿಸಿಯೇ ಕೆಲಸ ಮಾಡುತ್ತದೆ.

ಕರುಳಿನೊಳಗೆ ನೀರಿನ ಲೆಕ್ಕ

ಮೊದಲು ದೊಡ್ಡವರ ಲೆಕ್ಕವನ್ನು ನೋಡೋಣ. ಕುಡಿದ ನೀರು, ಆಹಾರ ಮತ್ತು ಜೀರ್ಣರಸಗಳು ಸೇರಿ ದಿನವೊಂದಕ್ಕೆ ಸುಮಾರು 9 ಲೀಟರಿನಷ್ಟು ದ್ರವ ಸಣ್ಣ ಕರುಳಿಗೆ ಬರುತ್ತದೆ. ಅದರಲ್ಲಿ ಹೆಚ್ಚಿನ ಭಾಗವನ್ನು ಸಣ್ಣ ಕರುಳೇ ಹೀರಿಕೊಳ್ಳುತ್ತದೆ. ದೊಡ್ಡ ಕರುಳಿಗೆ ಬರುವುದು ಒಂದು ಅಥವಾ ಒಂದೂವರೆ ಲೀಟರು. ಮಲದೊಡನೆ ಹೊರಹೋಗುವುದು 100ರಿಂದ 200 ಮಿಲಿಲೀಟರು ಮಾತ್ರ. ದೊಡ್ಡ ಕರುಳಿನ ಗೋಡೆಯ ಜೀವಕೋಶಗಳು ಸೋಡಿಯಂ ಲವಣವನ್ನು ಒಳಕ್ಕೆಳೆದುಕೊಳ್ಳುತ್ತವೆ. ಲವಣ ಹೋದತ್ತ ನೀರೂ ಹೋಗುತ್ತದೆ. ಮಗುವಿನಲ್ಲಿ ಪ್ರಮಾಣಗಳು ಬೇರೆ, ವಿಧಾನ ಒಂದೇ.

ಇದರಿಂದ ಒಂದು ಮುಖ್ಯ ಸಂಗತಿ ಹೊರಡುತ್ತದೆ. ಮಲವು ದೊಡ್ಡ ಕರುಳಿನಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಅದರಿಂದ ಹೆಚ್ಚು ನೀರು ಹೀರಲ್ಪಡುತ್ತದೆ. ನೀರು ಕಳೆದುಕೊಂಡ ಮಲ ಗಟ್ಟಿಯಾಗುತ್ತದೆ. ಗಟ್ಟಿ ಮಲ ಹೊರಬರುವಾಗ ನೋವಾಗುತ್ತದೆ. ನೋವಿಗೆ ಹೆದರಿದ ಮಗು ಅದನ್ನು ತಡೆಹಿಡಿಯುತ್ತದೆ. ತಡೆಹಿಡಿದ ಮಲ ಇನ್ನೂ ಒಣಗುತ್ತದೆ. ಈ ವಿಷವರ್ತುಲವನ್ನು ಮುರಿಯುವುದೆಂದರೆ ಮಲದಲ್ಲಿ ನೀರು ಉಳಿಯುವಂತೆ ಮಾಡುವುದೆಂದೇ ಅರ್ಥ.

ತಾಯಿಯ ಹಾಲು ಈ ಕಾರ್ಯವನ್ನು ಸೊಗಸಾಗಿ ನಿರ್ವಹಿಸುತ್ತದೆ. ಅದರಲ್ಲಿ ನೂರಕ್ಕೆ ಸುಮಾರು 87 ಭಾಗ ನೀರು. ಅದರಲ್ಲಿರುವ ಕೆಲವು ವಿಶೇಷ ಶರ್ಕರಗಳನ್ನು ಮಗುವಿನ ಸಣ್ಣ ಕರುಳು ಜೀರ್ಣಿಸಲಾರದು. ಅವು ದೊಡ್ಡ ಕರುಳನ್ನು ಮುಟ್ಟಿ, ಅಲ್ಲಿಯ ಹಿತಕರ ಬ್ಯಾಕ್ಟೀರಿಯಗಳಿಗೆ ಆಹಾರವಾಗಿ, ಮಲವನ್ನು ಮೆದುವಾಗಿಡುತ್ತವೆ. ಹಸುವಿನ ಹಾಲಿನಲ್ಲಾದರೋ ಪ್ರೋಟೀನು ತಾಯಿಯ ಹಾಲಿನಲ್ಲಿರುವುದರ ಮೂರರಷ್ಟಿದೆ. ಸುಣ್ಣದ ಅಂಶವೂ ಬಹಳ ಹೆಚ್ಚು. ಹಸುವಿನ ಹಾಲಿನಿಂದ ತಯಾರಿಸಿದ ಪುಡಿಯಲ್ಲಿ ಇವುಗಳನ್ನು ತಗ್ಗಿಸಿರುತ್ತಾರಾದರೂ, ಕೊಬ್ಬಿನ ಆಮ್ಲಗಳು ಕರುಳಿನಲ್ಲಿ ಕ್ಯಾಲ್ಸಿಯಂನೊಡನೆ ಕೂಡಿ ಕರಗದ ಒಂದು ಬಗೆಯ ಸಾಬೂನಾಗುತ್ತವೆ. ಪುಡಿಹಾಲನ್ನು ಕುಡಿಯುವ ಮಕ್ಕಳ ಮಲ ಹೆಚ್ಚು ಗಟ್ಟಿಯಾಗಿರುವುದಕ್ಕೆ ಇದೂ ಒಂದು ಕಾರಣ.

ಯಾವುದು ಮಲಬದ್ಧತೆಯಲ್ಲ?

ಪರಿಹಾರವನ್ನು ಹುಡುಕುವ ಮೊದಲು ರೋಗವಿದೆಯೇ ಎಂಬುದನ್ನು ನೋಡಬೇಕು. ಎದೆಹಾಲನ್ನೇ ಕುಡಿಯುವ ಮಗು ಒಂದೆರಡು ತಿಂಗಳು ಕಳೆದ ಮೇಲೆ ಐದಾರು ದಿನ, ಕೆಲವೊಮ್ಮೆ ಒಂದು ವಾರ, ಮಲ ವಿಸರ್ಜಿಸದೆ ಇರುವುದುಂಟು. ಅದು ಚೆನ್ನಾಗಿ ಹಾಲು ಕುಡಿಯುತ್ತ, ತೂಕ ಏರುತ್ತ, ಕೊನೆಗೆ ಮೆತ್ತಗಿನ ಮಲವನ್ನೇ ವಿಸರ್ಜಿಸಿದರೆ ಅದು ಮಲಬದ್ಧತೆಯಲ್ಲ. ದಿನಗಳ ಎಣಿಕೆಗಿಂತ ಮಲದ ಗಟ್ಟಿತನ ಮುಖ್ಯ. ಆದರೆ ಮೊದಲ ತಿಂಗಳಿನಲ್ಲಿ ಮಲ ಅಪರೂಪವಾದರೆ ಮಗುವಿಗೆ ಹಾಲು ಸಾಲದೆಂಬುದರ ಸೂಚನೆ ಅದಾಗಿರಬಹುದು. ಆಗ ತೂಕವನ್ನು ಪರೀಕ್ಷಿಸಿಸಬೇಕು.

ಇನ್ನು ಕೆಲವು ಮಕ್ಕಳು ಮುಖ ಕೆಂಪಾಗಿಸಿಕೊಂಡು ಹತ್ತು ನಿಮಿಷಕ್ಕೂ ಮಿಗಿಲಾಗಿ ತಿಣುಕಿ, ಅತ್ತು, ಆಮೇಲೆ ಮೆತ್ತಗಿನ ಮಲವನ್ನು ವಿಸರ್ಜಿಸುತ್ತವೆ. ಇದು ಯಾವ ತೊಂದರೆ? ದ್ರವವಾಗಲಿ ಮೆದುವಸ್ತುವಾಗಲಿ ಹರಿಯಬೇಕಾದರೆ ಒತ್ತಡವೂ ಬೇಕು, ತೆರೆದ ದಾರಿಯೂ ಬೇಕು. ಮುಚ್ಚಳ ತೆಗೆಯದ ಟೂತ್‌ಪೇಸ್ಟಿನ ಕೊಳವೆಯನ್ನು ಎಷ್ಟು ಹಿಸುಕಿದರೇನು? ಮಗು ಹೊಟ್ಟೆಯನ್ನು ಬಿಗಿಹಿಡಿದು ಒತ್ತಡವನ್ನು ಉಂಟುಮಾಡುತ್ತದೆ. ಆದರೆ ಅದೇ ಕ್ಷಣದಲ್ಲಿ ಗುದದ್ವಾರದ ಸ್ನಾಯುಗಳನ್ನು ಸಡಿಲಿಸಲು ಇನ್ನೂ ಕಲಿತಿಲ್ಲ. ಕೆಲವು ವಾರಗಳಲ್ಲಿ ಅದು ಈ ವಿದ್ಯೆಯನ್ನು ತಾನೇ ಕಲಿಯುತ್ತದೆ. ಅಷ್ಟರೊಳಗೆ ನಾವು ತೊಟ್ಟನ್ನೋ ಬೇರೇನನ್ನೋ ತೂರಿಸಿ ನೆರವಾಗಹೊರಟರೆ ಕಲಿಕೆಗೆ ಅಡ್ಡಿಯಾಗುತ್ತದೆ.

ಮಾಡಬಹುದಾದುದು

ಮಲ ನಿಜವಾಗಿಯೂ ಗಟ್ಟಿಯಾಗಿ, ಗುಂಡುಗುಂಡಾಗಿ ಬರುತ್ತಿದ್ದರೆ ಏನು ಮಾಡಬೇಕು? ಪುಡಿಹಾಲನ್ನು ಕೊಡುವ ಮನೆಯಲ್ಲಿ ಮೊದಲು ಬೆರಕೆಯನ್ನು ಪರಿಶೀಲಿಸಬೇಕು. ಡಬ್ಬಿಯ ಮೇಲೆ ಹೇಳಿರುವಷ್ಟೇ ನೀರು, ಗೀಟೆಳೆದಂತೆ ಮಟ್ಟಮಾಡಿದ ಚಮಚೆಯಲ್ಲಿ ಅಷ್ಟೇ ಪುಡಿ. ಮಗು ಬೇಗ ಬಲಿಯಲೆಂದು ಪುಡಿಯನ್ನು ರಾಶಿಮಾಡಿ ಹಾಕಿದರೆ ನೀರಿನ ಲೆಕ್ಕ ಕೆಡುತ್ತದೆ.

ಎರಡನೆಯದಾಗಿ, ಮಗುವನ್ನು ಅಂಗಾತ ಮಲಗಿಸಿ ಕಾಲುಗಳನ್ನು ಸೈಕಲ್ ತುಳಿಯುವಂತೆ ಮೆಲ್ಲಗೆ ಆಡಿಸಬಹುದು. ಮೊಣಕಾಲುಗಳನ್ನು ಹೊಟ್ಟೆಯ ಕಡೆಗೆ ಮಡಿಸಬಹುದು. ಹೊಕ್ಕುಳಿನ ಸುತ್ತ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಹಗುರವಾಗಿ ನೀವಬಹುದು. ದೊಡ್ಡ ಕರುಳು ಸಾಗುವ ದಿಕ್ಕೂ ಅದೇ. ನಮ್ಮ ಅಜ್ಜಿಯರು ಕಾಲು ಚಾಚಿ ಕುಳಿತು, ಕತ್ತು ನಿಂತ ಮಗುವನ್ನು ಎರಡು ಪಾದಗಳ ಮೇಲೆ ಕುಕ್ಕರಿಸಿ ಕೂರಿಸುವುದನ್ನು ವಾಚಕರು ಕಂಡಿರಬಹುದು. ನಿಂತಾಗ ಗುದನಾಳಕ್ಕೂ ಗುದದ್ವಾರಕ್ಕೂ ನಡುವೆ ಒಂದು ಬಾಗು ಇರುತ್ತದೆ. ಕುಕ್ಕರಗಾಲಿನಲ್ಲಿ ಆ ಬಾಗು ನೆಟ್ಟಗಾಗಿ ದಾರಿ ಸುಗಮವಾಗುತ್ತದೆ. ಅಜ್ಜಿಯರ ರೂಢಿ ಯಂತ್ರಶಾಸ್ತ್ರಕ್ಕೆ ಒಪ್ಪುವಂಥದೇ.

ಆರು ತಿಂಗಳು ತುಂಬಿ ಇತರ ಆಹಾರ ಆರಂಭವಾದಾಗ ಮಲ ಗಟ್ಟಿಯಾಗುವುದು ಬಹಳ ಸಾಮಾನ್ಯ. ನಮ್ಮಲ್ಲಿ ರಾಗಿಯನ್ನು ಮೊಳಕೆ ಬರಿಸಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಸೋಸಿ ಸರಿ ಮಾಡುತ್ತಾರೆ. ನಯವಾದ ಹಿಟ್ಟು ಮಗುವಿಗೆ ಒಗ್ಗುತ್ತದೆ, ನಿಜ. ಆದರೆ ಸೋಸಿದಾಗ ನಾರಿನ ಅಂಶವೂ ಬಹುಪಾಲು ಹೋಗುತ್ತದೆ. ಆದುದರಿಂದ ಸರಿಯನ್ನು ತೆಳ್ಳಗೆ ಕಾಯಿಸಿ, ಜೊತೆಗೆ ಬೇಯಿಸಿ ಮಸೆದ ತರಕಾರಿಯನ್ನೂ, ಪರಂಗಿ, ಪೇರುಗಳಂಥ ಹಣ್ಣಿನ ತಿರುಳನ್ನೂ, ಆಗಾಗ ಗುಟುಕು ನೀರನ್ನೂ ಕೊಡಬೇಕು. ಪೇರು ಮತ್ತು ಒಣ ಪ್ಲಮ್ ಹಣ್ಣುಗಳಲ್ಲಿ ಸಾರ್ಬಿಟಾಲ್ ಎಂಬ ಸಿಹಿವಸ್ತುವಿದೆ. ಕರುಳು ಅದನ್ನು ಪೂರ್ಣವಾಗಿ ಹೀರಲಾರದಾದುದರಿಂದ ಅದು ಕರುಳಿನೊಳಗೇ ಉಳಿದು ನೀರನ್ನು ತನ್ನತ್ತ ಹಿಡಿದಿಡುತ್ತದೆ. ವೈದ್ಯರು ಬರೆದುಕೊಡುವ ಲ್ಯಾಕ್ಟುಲೋಸ್ ಎಂಬ ಪಾನಕವೂ ಇದೇ ತತ್ತ್ವದ ಮೇಲೆ ನಡೆಯುತ್ತದೆ. ಆರು ತಿಂಗಳಿಗೆ ಮುಂಚೆ ಹಣ್ಣಿನ ರಸವಾಗಲಿ ಔಷಧವಾಗಲಿ ವೈದ್ಯರ ಮಾತಿಲ್ಲದೆ ಕೂಡದು.

ಮಾಡಬಾರದುದು

ಆರು ತಿಂಗಳೊಳಗಿನ ಮಗುವಿಗೆ ಬರಿಯ ನೀರನ್ನು ಕುಡಿಸುವುದು ನಿರಪಾಯಕರವೆಂದು ಹಲವರು ಭಾವಿಸುತ್ತಾರೆ. ಆದರೆ ಹಸುಳೆಯ ಮೂತ್ರಪಿಂಡಗಳು ಹೆಚ್ಚಿನ ನೀರನ್ನು ಬೇಗನೆ ಹೊರಹಾಕಲಾರವು. ನೀರು ಹೆಚ್ಚಾದಾಗ ರಕ್ತದಲ್ಲಿಯ ಸೋಡಿಯಂ ತೆಳುವಾಗುತ್ತದೆ. ಆಗ ಒಣದ್ರಾಕ್ಷಿಯ ಪಾಠ ಮಿದುಳಿನಲ್ಲಿ ನಡೆಯುತ್ತದೆ: ಮಿದುಳಿನ ಜೀವಕೋಶಗಳೊಳಕ್ಕೆ ನೀರು ನುಗ್ಗಿ ಅವು ಊದಿಕೊಳ್ಳುತ್ತವೆ, ಮಗುವಿಗೆ ಸೆಳವು ಬರಬಹುದು, ಪ್ರಾಣಕ್ಕೂ ಸಂಚಕಾರವಾಗಬಹುದು. ಬೇಸಗೆಯಲ್ಲಿಯೂ ಎದೆಹಾಲಿನ ಮಗುವಿಗೆ ಬೇಕಾದ ನೀರು ಆ ಹಾಲಿನಲ್ಲಿಯೇ ಇದೆ.

ಜೇನುತುಪ್ಪದ ಕಥೆ ಇನ್ನೂ ವಿಚಿತ್ರವಾದುದು. ಅದರಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯದ ಬೀಜಕಣಗಳು ಇರುವುದುಂಟು. ದೊಡ್ಡವರ ಕರುಳಿನಲ್ಲಿ ಅವು ಮೊಳೆಯಲಾರವು. ಹಸುಳೆಯ ಕರುಳಿನಲ್ಲಿ ಮೊಳೆತು ನರಗಳನ್ನು ಸ್ತಬ್ಧಗೊಳಿಸುವ ವಿಷವನ್ನು ತಯಾರಿಸಬಲ್ಲವು. ಈ ಬೇನೆಯನ್ನು 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮೊದಲು ಗುರುತಿಸಿದರು. ಅದರ ಮೊದಲ ಚಿಹ್ನೆ ಅನೇಕ ವೇಳೆ ಮಲಬದ್ಧತೆಯೇ! ಮದ್ದೆಂದು ಕೊಟ್ಟದ್ದೇ ರೋಗವನ್ನು ತರಬಹುದು. ಒಂದು ವರ್ಷ ತುಂಬುವವರೆಗೆ ಜೇನುತುಪ್ಪವನ್ನು ನಾಲಗೆಗೂ ಸವರಬಾರದು.

ಹರಳೆಣ್ಣೆ ಕರುಳನ್ನು ಕೆರಳಿಸಿ ಭೇದಿ ಮಾಡಿಸುತ್ತದೆ. ಎಳೆಯ ಮೈಯಿಂದ ನೀರು ಲವಣಗಳು ಸೋರಿಹೋಗುತ್ತವೆ. ವೀಳ್ಯದೆಲೆಯ ತೊಟ್ಟು, ಸಾಬೂನಿನ ಚೂರು ಮೊದಲಾದುವು ಗುದದ್ವಾರದ ನವಿರಾದ ಪೊರೆಯನ್ನು ಗಾಯಗೊಳಿಸಬಹುದು. ಗ್ಲಿಸರಿನ್ ಬತ್ತಿಯನ್ನೂ ವೈದ್ಯರು ಹೇಳಿದಾಗ ಮಾತ್ರ ಬಳಸಬೇಕು.

ತಡಮಾಡಬಾರದ ಸಂದರ್ಭಗಳು

ಕರುಳಿನ ತಡೆ ಕೆಲವೊಮ್ಮೆ ನೀರಿನ ಕೊರತೆಯಿಂದಲ್ಲ, ಕರುಳಿನ ರಚನೆಯ ದೋಷದಿಂದಲೇ ಆಗಿರುತ್ತದೆ. 1899ರಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು ಕರುಳಿನ ಚಲನೆಯ ನಿಯಮವನ್ನು ವಿವರಿಸಿದರು: ಆಹಾರದ ತುಣುಕಿನ ಹಿಂದೆ ಕರುಳು ಸಂಕುಚಿಸುತ್ತದೆ, ಮುಂದೆ ಸಡಿಲುತ್ತದೆ. ಈ ಅಲೆಯನ್ನು ನಡೆಸುವ ನರಕೋಶಗಳು ಕರುಳಿನ ಗೋಡೆಯಲ್ಲಿವೆ. ಸುಮಾರು 5,000 ಶಿಶುಗಳಲ್ಲಿ ಒಂದಕ್ಕೆ ಕರುಳಿನ ಕೊನೆಯ ಭಾಗದಲ್ಲಿ ಆ ನರಕೋಶಗಳು ಹುಟ್ಟಿನಿಂದಲೇ ಇರುವುದಿಲ್ಲ. ಅಲ್ಲಿ ಅಲೆ ನಿಂತುಹೋಗುತ್ತದೆ. ಡೆನ್ಮಾರ್ಕಿನ ಮಕ್ಕಳ ವೈದ್ಯ ಹಿರ್ಷ್‌ಸ್ಪ್ರುಂಗ್ 1886ರಲ್ಲಿ ಇದನ್ನು ವರ್ಣಿಸಿದನು. ಇದಕ್ಕೆ ಶಸ್ತ್ರಚಿಕಿತ್ಸೆಯೇ ಪರಿಹಾರ. ಮನೆಮದ್ದಿಗೆ ಇಲ್ಲಿ ಸ್ಥಾನವಿಲ್ಲ.

ಆದುದರಿಂದ ಹುಟ್ಟಿದ 48 ಗಂಟೆಗಳಲ್ಲಿ ಶಿಶು ಕಪ್ಪುಹಸಿರು ಬಣ್ಣದ ಮೊದಲ ಮಲವನ್ನು ವಿಸರ್ಜಿಸದಿದ್ದರೆ, ಹೊಟ್ಟೆ ಉಬ್ಬಿದ್ದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಜ್ವರವಿದ್ದರೆ, ಮಗು ಹಾಲು ಬಿಟ್ಟರೆ, ತೂಕ ಏರದಿದ್ದರೆ, ಅಳು ಕ್ಷೀಣಿಸಿ ಕೈಕಾಲು ಜೋಲುಬಿದ್ದರೆ, ಗಳಿಗೆಯನ್ನೂ ಕಳೆಯದೆ ವೈದ್ಯರಲ್ಲಿಗೆ ಒಯ್ಯಬೇಕು.

ಇದನ್ನು ಓದುವ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಯಲ್ಲಿ ತಮ್ಮನೋ ತಂಗಿಯೋ ಅಕ್ಕನ ಮಗುವೋ ಇರಬಹುದು. ಮುಂದೊಮ್ಮೆ ಮನೆಯಲ್ಲಿ ಜೇನುತುಪ್ಪದ ಸೀಸೆಯೋ ನೀರಿನ ಒಳಲೆಯೋ ಹಸುಳೆಯ ಬಾಯಿಯ ಬಳಿಗೆ ಬಂದಾಗ, ಹಿರಿಯರಿಗೆ ವಿನಯದಿಂದ ನಾಲ್ಕು ಮಾತು ತಿಳಿಸಿ ತಡೆಯುವ ಹೊಣೆ ಅವರದು. ಬೇಕಾದರೆ ಬಟ್ಟಲಿನಲ್ಲಿ ಒಣದ್ರಾಕ್ಷಿಯನ್ನು ನೆನೆಹಾಕಿ ತೋರಿಸಲಿ. ಪರೀಕ್ಷೆಗೆಂದು ಓದಿದ ಅಭಿಸರಣೆ ಅಂದು ಒಂದು ಜೀವಕ್ಕೆ ಕಾವಲಾದೀತು.