ಪದಕಕ್ಕೂ ಮೊದಲು ಜನರನ್ನು ನೋಡಿ

ಆರ್ಕಿಟೆಕ್ಚರ್ ಓದುತ್ತಿರುವ ಮಕ್ಕಳೇ, ನಿಮ್ಮ ಬಾಯಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿಯ ಮಾತು ಕೇಳಿದಾಗ ನನಗೆ ಸಂತೋಷವಾಗುತ್ತದೆ. 1979ರಲ್ಲಿ ಶುರುವಾದ, ವಾಸ್ತುಶಿಲ್ಪದ ನೊಬೆಲ್ ಎಂದೇ ಹೆಸರಾದ ಪ್ರಶಸ್ತಿ ಅದು. ದೊಡ್ಡದಕ್ಕೆ ಆಸೆಪಡುವುದು ತಪ್ಪಲ್ಲ. ಆದರೆ ಆ ಕಟ್ಟಡಗಳ ಫೋಟೊಗಳೆಲ್ಲ ನಿಮಗೆ ಗೊತ್ತು, ಅವು ಹೇಗೆ ಹುಟ್ಟಿದವು ಎಂಬುದು ಗೊತ್ತಿಲ್ಲ. ನನ್ನ ಆತಂಕ ಇರುವುದು ಅಲ್ಲೇ.

ಬಾಲಕೃಷ್ಣ ದೋಶಿ ಅವರಿಗೆ ಪ್ರಿಟ್ಜ್‌ಕರ್ ಬಂದದ್ದು 2018ರಲ್ಲಿ, 90ರ ವಯಸ್ಸಿನಲ್ಲಿ. ಅದನ್ನು ಪಡೆದ ಮೊದಲ ಭಾರತೀಯ ಅವರು. ಅವರ ಹೆಸರು ಹೇಳುವಾಗ ಇಂದೋರಿನ ಅರಣ್ಯ ಬಡಾವಣೆಯನ್ನು ಮರೆಯಬೇಡಿ. ನಕ್ಷೆಗೆ ಕೈಹಚ್ಚುವ ಮೊದಲು ಅವರ ತಂಡ ಇಂದೋರಿನ ಕೊಳೆಗೇರಿಗಳಲ್ಲಿ ಜನ ಹೇಗೆ ಬದುಕುತ್ತಾರೆಂದು ನೋಡಿ ಬಂತು. ಆಮೇಲೆ ಬಡವರಿಗೆ ಕೊಟ್ಟದ್ದು ಪೂರ್ತಿ ಮನೆಯನ್ನಲ್ಲ. ನಿವೇಶನ, ತಳಪಾಯ, ನೀರು, ಶೌಚಾಲಯ ಕೊಟ್ಟು, ಉಳಿದದ್ದನ್ನು ಕೈಯಲ್ಲಿ ದುಡ್ಡಾದ ಹಾಗೆ ಕಟ್ಟಿಕೊಳ್ಳಿ ಎಂದು ಬಿಟ್ಟರು. ಹೇಗೆ ಕಟ್ಟಬಹುದೆಂದು ತೋರಿಸಲು 80 ಮಾದರಿ ಮನೆಗಳನ್ನು ನಿಲ್ಲಿಸಿದರು. ಮನೆಯ ಮುಂದೆ ಜಗಲಿ, ಹೊರಗಿನಿಂದ ಮೆಟ್ಟಿಲು. ಜಗಲಿಯಲ್ಲಿ ಸಂಜೆ ನಾಲ್ಕು ಜನ ಕೂರಬಹುದು, ಮೆಟ್ಟಿಲು ಹೊರಗಿದ್ದರೆ ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಡಬಹುದು. ಈ ಬಡಾವಣೆಗೆ 1995ರಲ್ಲಿ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಬಂತು.

ನೀವು ಕೆಲಸ ಶುರುಮಾಡುವುದು ಎಲ್ಲಿಂದ? ಸೈಟು ನೋಡುವ ಮೊದಲೇ ಲ್ಯಾಪ್‌ಟಾಪಿನಲ್ಲಿ ರೆಂಡರಿಂಗ್ ತಯಾರಾಗಿರುತ್ತದೆ. ಅದರಲ್ಲಿ ಸಂಜೆಯ ಬೆಳಕು ಇರುತ್ತದೆ, ಬಟ್ಟೆ ಒಣಹಾಕಲು ಜಾಗ ಇರುವುದಿಲ್ಲ. ಪಶ್ಚಿಮಕ್ಕೆ ಗಾಜಿನ ಗೋಡೆ ನಿಲ್ಲಿಸಿ, ಆ ಬಿಸಿಲನ್ನು ತಡೆಯಲಾರದೆ ಏಸಿ ಹಾಕುತ್ತೀರಿ. ಕರೆಂಟ್ ಬಿಲ್ಲು ಕಟ್ಟುವವರು ಬೇರೆ ಯಾರೋ. ಇದು ಅಭ್ಯಾಸವಾಗಿ ಬೇರೂರುವ ಮೊದಲು ಒಂದು ಕೆಲಸ ಮಾಡಿ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಕೂಡ ದೋಶಿ ಅವರದೇ ವಿನ್ಯಾಸ. ಅವಕಾಶ ಸಿಕ್ಕರೆ ಅಲ್ಲಿನ ಕಲ್ಲಿನ ಮೊಗಸಾಲೆಗಳಲ್ಲಿ ನಡೆದಾಡಿ. ಬಿಸಿಲು ಎಲ್ಲಿಂದ ಇಳಿಯುತ್ತದೆ, ನೆರಳು ಎಲ್ಲಿ ಬೀಳುತ್ತದೆ, ಹುಡುಗರು ಮಾತಿಗೆ ಎಲ್ಲಿ ನಿಲ್ಲುತ್ತಾರೆ ಎಂದು ನೋಡಿ. ಮೊಬೈಲು ಜೇಬಿನಲ್ಲೇ ಇರಲಿ.

ಇನ್ನೊಬ್ಬರ ಕಥೆ ಕೇಳಿ. ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಗಾಂಡೊ ಎಂಬ ಹಳ್ಳಿಯಲ್ಲಿ ಶಾಲೆಯೇ ಇರಲಿಲ್ಲ. ಹಾಗಾಗಿ ಫ್ರಾನ್ಸಿಸ್ ಕೆರೆ ಎಂಬ ಹುಡುಗ ಏಳನೇ ವಯಸ್ಸಿಗೇ ಊರು ಬಿಡಬೇಕಾಯಿತು. ಮುಂದೆ ಬರ್ಲಿನ್‌ನಲ್ಲಿ ಆರ್ಕಿಟೆಕ್ಚರ್ ಓದುತ್ತಿರುವಾಗಲೇ ಹಣ ಕೂಡಿಸಿ, ಊರವರನ್ನೇ ಸೇರಿಸಿಕೊಂಡು ಅಲ್ಲಿ ಶಾಲೆ ಕಟ್ಟಿದರು. 2001ರಲ್ಲಿ ಅದು ಮುಗಿಯಿತು. ಮಣ್ಣಿನ ಗೋಡೆ ಮಳೆಗೆ ನಿಲ್ಲುವುದಿಲ್ಲ ಎಂದು ಊರವರಿಗೆ ಅನುಮಾನವಿತ್ತು. ಕೆರೆ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆ ಬಳಸಿದರು. ತಗಡಿನ ಚಾವಣಿಯನ್ನು ಗೋಡೆಗಿಂತ ಮೇಲಕ್ಕೆತ್ತಿ, ಗೋಡೆಯಾಚೆಗೂ ಚಾಚಿದರು. ಮಳೆ ಗೋಡೆಗೆ ಬಡಿಯಲಿಲ್ಲ, ಬಿಸಿಗಾಳಿ ಮೇಲಿನಿಂದಲೇ ಹೊರಟುಹೋಯಿತು. 2004ರಲ್ಲಿ ಆಗಾ ಖಾನ್, 2022ರಲ್ಲಿ ಪ್ರಿಟ್ಜ್‌ಕರ್ ಅವರನ್ನು ಹುಡುಕಿಕೊಂಡು ಬಂದವು.

ನಿಮ್ಮ ಊರಿನಲ್ಲೂ ಮಣ್ಣು, ಕಲ್ಲು, ಹೆಂಚುಗಳ ಗುಣ ಬಲ್ಲ ಮೇಸ್ತ್ರಿಗಳಿದ್ದಾರೆ. ಅವರಿಗೆ ವಯಸ್ಸಾಗುತ್ತಿದೆ. ರಜೆಗೆ ಊರಿಗೆ ಹೋದಾಗ ಅವರ ಜೊತೆ ಒಂದು ದಿನ ಕಳೆಯಿರಿ. ಗಾರೆ ಕಲಸುವಾಗ ಕೈ ಹಾಕಿ. ಡಿಗ್ರಿ ಇದೆ ಎಂಬ ಬಿಂಕವನ್ನು ಸೈಟಿನ ಹೊರಗೇ ಬಿಟ್ಟು ಹೋಗಿ.

ಕಟ್ಟದೆ ಬಿಡುವುದೂ ಒಂದು ವಿದ್ಯೆ. ಫ್ರಾನ್ಸಿನ ಬೋರ್ಡೊ ನಗರದಲ್ಲಿ ಲಿಯೋನ್ ಒಕಾಕ್ ಎಂಬ ಸಣ್ಣ ಚೌಕವನ್ನು ಚೆಂದಗೊಳಿಸಿ ಕೊಡಿ ಎಂದು 1996ರಲ್ಲಿ ವಾಸ್ತುಶಿಲ್ಪಿಗಳಾದ ಆನ್ ಲಕಾಟೋನ್ ಮತ್ತು ಜಾನ್ ಫಿಲಿಪ್ ವಸಾಲ್ ಅವರನ್ನು ಕೇಳಿದರು. ಅವರು ಅಲ್ಲಿ ಹೋಗಿ ಕೂತು ನೋಡಿದರು, ಅಲ್ಲಿಯವರ ಜೊತೆ ಮಾತಾಡಿದರು. ಚೌಕ ಆಗಲೇ ಚೆನ್ನಾಗಿದೆ, ಜಲ್ಲಿ ಬದಲಿಸಿ, ಮರಗಳ ಆರೈಕೆ ಮಾಡಿ, ಆಗಾಗ ಗುಡಿಸಿ, ಅಷ್ಟು ಸಾಕು ಎಂದು ಹೇಳಿದರು. 2021ರ ಪ್ರಿಟ್ಜ್‌ಕರ್ ಈ ಇಬ್ಬರಿಗೆ ಬಂತು. ನಮ್ಮಲ್ಲೋ, ಚೆನ್ನಾಗಿರುವ ಪಾರ್ಕನ್ನು ಅಗೆದು, ಮರ ಕಡಿದು, ಕಾಂಕ್ರೀಟು ಸುರಿದರೆ ಅದನ್ನೇ ಅಭಿವೃದ್ಧಿ ಎನ್ನುತ್ತೇವೆ. ನಾಳೆ ಅಂಥ ಕೆಲಸ ನಿಮ್ಮ ಮೇಜಿಗೆ ಬಂದಾಗ ಬೇಡ ಎನ್ನುವ ಧೈರ್ಯ ನಿಮಗಿರಲಿ.

ಈಗ ಶುಲ್ಕ ಕಟ್ಟಿಸಿಕೊಂಡು ಹಂಚುವ ಪ್ರಶಸ್ತಿಗಳೂ ಬೇಕಾದಷ್ಟಿವೆ. ಅವುಗಳ ಹಿಂದೆ ಬಿದ್ದು ಕೈಯಲ್ಲಿರುವ ಕಾಸು ಕಳೆದುಕೊಳ್ಳಬೇಡಿ. 1977ರಲ್ಲಿ ಸ್ಥಾಪನೆಯಾದ ಆಗಾ ಖಾನ್ ಪ್ರಶಸ್ತಿಯ ಪದ್ಧತಿ ನೋಡಿ. ಕಟ್ಟಡ ಬಳಕೆಗೆ ಬಂದ ಮೇಲೆ ತಜ್ಞರು ಸ್ಥಳಕ್ಕೇ ಹೋಗಿ ಪರಿಶೀಲಿಸುತ್ತಾರೆ. ಗೌರವದಲ್ಲಿ ಕಟ್ಟಿದ ಕುಶಲಕರ್ಮಿಗಳಿಗೂ ಕಟ್ಟಿಸಿದವರಿಗೂ ಪಾಲು ಕೊಡುತ್ತಾರೆ. ಆ ಪರೀಕ್ಷೆಯನ್ನು ನೀವೇ ನಿಮಗೆ ಇಟ್ಟುಕೊಳ್ಳಬಹುದು. ನೀವು ಮಾಡಿಕೊಟ್ಟ ಮೊದಲ ಮನೆ ಚಿಕ್ಕದೇ ಇರಲಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೆ ಅಲ್ಲಿಗೆ ಹೋಗಿ. ಎಲ್ಲಿ ಸೋರುತ್ತದೆ, ಎಲ್ಲಿ ಸೆಕೆ, ಯಾವ ಕೋಣೆ ಬಳಕೆಗೇ ಬರಲಿಲ್ಲ ಎಂದು ಮನೆಯವರನ್ನೇ ಕೇಳಿ. ಹೇಳಿದ್ದನ್ನು ಬರೆದಿಟ್ಟುಕೊಳ್ಳಿ, ಮುಂದಿನ ಮನೆಯಲ್ಲಿ ತಿದ್ದಿಕೊಳ್ಳಿ. ಪ್ರಶಸ್ತಿ ಬರುವುದು ನಿಮ್ಮ ಕೈಯಲ್ಲಿಲ್ಲ. ಹೀಗೆ ತಿದ್ದಿಕೊಳ್ಳುತ್ತಾ ಹೋಗುವುದು ನಿಮ್ಮ ಕೈಯಲ್ಲೇ ಇದೆ, ಅದಕ್ಕೆ ಬೇಕಾದ ವಯಸ್ಸೂ ನಿಮ್ಮದೇ.